ಓಗೊಡುವ ಸಭೆ: ಹೋಲ್ಟ್ ಸ್ಟ್ರೀಟ್ ಚರ್ಚಿನ ಒಂದು ಭಾಷಣ

ಅಮೆರಿಕದ ಕಪ್ಪುವರ್ಣೀಯರ ಚರ್ಚುಗಳಲ್ಲಿ ಉಪದೇಶವೆಂಬುದು ಒಬ್ಬರು ನುಡಿದು ಉಳಿದವರು ಮೌನವಾಗಿ ಕೇಳುವ ಕ್ರಿಯೆಯಾಗಿರಲಿಲ್ಲ. ಪಾದ್ರಿ ಒಂದು ವಾಕ್ಯವನ್ನಾಡಿ ತಡೆದಾಗ ಸಭೆ ‘ಆಮೆನ್’ ಎಂದೋ ‘ಹೌದು’ ಎಂದೋ ಓಗೊಡುತ್ತಿತ್ತು. ಆ ದನಿಯ ಕಾವನ್ನು ಅರಿತು ಪಾದ್ರಿ ಮುಂದಿನ ಮಾತನ್ನು ಏರಿಸುತ್ತಲೋ ಇಳಿಸುತ್ತಲೋ ಹೋಗುತ್ತಿದ್ದರು. ಪಶ್ಚಿಮ ಆಫ್ರಿಕದ ಹಾಡುಗಾರಿಕೆಯಲ್ಲಿ ಬೇರುಗಳುಳ್ಳ ಈ ಪದ್ಧತಿ, ಗುಲಾಮರಿಗೆ ಓದು ಕಲಿಸುವುದನ್ನೇ ದಕ್ಷಿಣದ ಹಲವು ರಾಜ್ಯಗಳು ಕಾನೂನಿನಿಂದ ನಿಷೇಧಿಸಿದ್ದ ಕಾಲದಲ್ಲಿ, ಧರ್ಮಗ್ರಂಥವನ್ನು ಕಿವಿಯಿಂದ ಕಿವಿಗೆ ದಾಟಿಸುವ ಸಾಧನವಾಗಿ ಗಟ್ಟಿಗೊಂಡಿತು.

ಈ ಪದ್ಧತಿ ರಾಜಕೀಯ ವಾಗ್ಮಿತೆಯಾಗಿ ಮಾರ್ಪಟ್ಟ ಬಗೆಯನ್ನು ಅಲಬಾಮಾದ ಮಾಂಟ್ಗೊಮರಿಯ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 1955ರ ಡಿಸೆಂಬರ್ 5ರ ಸಂಜೆ ನಡೆದ ಭಾಷಣದಲ್ಲಿ ಸ್ಪಷ್ಟವಾಗಿ ಕಾಣಬಹುದು. ನಗರದ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಆಸನ ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಡಿಸೆಂಬರ್ 1ರಂದು ಬಂಧನಕ್ಕೊಳಗಾಗಿದ್ದರು. ಜೋ ಆನ್ ರಾಬಿನ್ಸನ್ ಮತ್ತು ಅವರ ಮಹಿಳಾ ಸಂಘಟನೆ ಹಂಚಿದ ಕರಪತ್ರಗಳಿಂದಾಗಿ ಡಿಸೆಂಬರ್ 5ರ ಬೆಳಗ್ಗೆಯೇ ಕಪ್ಪುವರ್ಣೀಯರು ಬಸ್ಸುಗಳನ್ನು ತೊರೆದಿದ್ದರು. ಆದುದರಿಂದ ಅಂದು ಸಂಜೆ ಭಾಷಣ ಮಾಡಬೇಕಿದ್ದ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರ ಎದುರಿಗಿದ್ದುದು ಜನರನ್ನು ಹೋರಾಟಕ್ಕೆ ಇಳಿಸುವ ಕೆಲಸವಲ್ಲ, ಆಗಲೇ ಇಳಿದವರು ದ್ವೇಷಕ್ಕೆ ಜಾರದೆ ಮುಂದುವರಿಯುವಂತೆ ಮಾಡುವ, ಅದಕ್ಕಿಂತ ಕಠಿಣವಾದ ಕೆಲಸ. ಒಂದು ಭಾನುವಾರದ ಉಪದೇಶಕ್ಕೆ ಹದಿನೈದು ಗಂಟೆ ಸಿದ್ಧತೆ ನಡೆಸುತ್ತಿದ್ದ ಅವರಿಗೆ ಅಂದು ಅರ್ಧ ಗಂಟೆಯೂ ದೊರೆಯಲಿಲ್ಲ.

ಅವರು ಶಾಂತವಾಗಿ, ಬಹುಮಟ್ಟಿಗೆ ವಕೀಲರ ವಾದದಂತೆ, ಪೌರತ್ವದಿಂದ ಆರಂಭಿಸಿ, ಪಾರ್ಕ್ಸ್ ಅವರ ನಡತೆಯ ಘನತೆಯನ್ನು ಸ್ಥಾಪಿಸಿ, ಬಳಿಕ ತುಳಿತವನ್ನು ಸಹಿಸಿ ಸಹಿಸಿ ಜನ ದಣಿಯುವ ಗಳಿಗೆಯೊಂದು ಬರುತ್ತದೆಂಬ ಮಾತಿಗೆ ಬಂದರು. ಅಲ್ಲಿ ಸಭೆ ಭೋರ್ಗರೆದದ್ದು ಉಳಿದುಬಂದಿರುವ ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ. ಆ ಉತ್ತರ ಬಂದೊಡನೆ ಅವರು ಅದೇ ಪದಗಳಿಂದ ಮತ್ತೆ ವಾಕ್ಯ ತೊಡಗಿದರು. ಅನುಕ್ರಮ ವಾಕ್ಯಗಳನ್ನು ಒಂದೇ ಪದಗುಚ್ಛದಿಂದ ಆರಂಭಿಸುವ ಈ ತಂತ್ರವನ್ನು ಗ್ರೀಕ್ ಅಲಂಕಾರಶಾಸ್ತ್ರ ‘ಅನಾಫೊರಾ’ ಎಂದು ಕರೆಯುತ್ತದೆ. ಆದರೆ ಇಲ್ಲಿ ಪುನರುಕ್ತಿಯನ್ನು ಬೇಡಿದ್ದು ಶಾಸ್ತ್ರವಲ್ಲ, ಸಭೆಯೇ. ಸಿಟ್ಟು ಹೀಗೆ ನೆತ್ತಿಗೇರಿದ ಘಟ್ಟದಲ್ಲಿಯೇ ಅವರು ಹಿಂಸೆಯನ್ನು ನಿರಾಕರಿಸಿ, ಕೂ ಕ್ಲಕ್ಸ್ ಕ್ಲಾನ್‌ನಂಥ ಬಿಳಿಯ ಉಗ್ರವಾದಿ ಗುಂಪುಗಳ ಹಾದಿ ತಮ್ಮದಲ್ಲವೆಂದು ಸಾರಿದ್ದು ಅವರ ವಿವೇಕದ ಅತ್ಯುತ್ತಮ ನಿದರ್ಶನ.

ಮುಂದಿನದು ಷರತ್ತಿನ ಸರಪಳಿ: ಈ ಜನ ತಪ್ಪಾಗಿದ್ದರೆ ಸುಪ್ರೀಂ ಕೋರ್ಟೂ ತಪ್ಪು, ಸಂವಿಧಾನವೂ ತಪ್ಪು, ಕೊನೆಗೆ ದೇವರೂ ತಪ್ಪು ಎಂಬ ಆರೋಹಣ. ಸಭೆ ಕೊನೆಯ ಮೆಟ್ಟಿಲನ್ನು ಒಪ್ಪಲಾರದೆಂಬ ಖಚಿತತೆಯೇ ಮೊದಲ ಮೆಟ್ಟಿಲಿಗೂ ಬಲ ತುಂಬುತ್ತದೆ. ಕಾನೂನಿನ ದೃಷ್ಟಿಯಿಂದ ಈ ವಾದ ಕಾಲಕ್ಕಿಂತ ಮುಂದಿತ್ತು, ಏಕೆಂದರೆ ಜನಾಂಗೀಯ ವಿಂಗಡಣೆಯ ವಿರುದ್ಧದ 1954ರ ತೀರ್ಪು ಶಾಲೆಗಳಿಗೆ ಸಂಬಂಧಿಸಿತ್ತು, ಬಸ್ಸುಗಳಿಗಲ್ಲ. ಚಳವಳಿಯ ಮೊದಲ ಬೇಡಿಕೆಗಳಾದರೂ ಸೌಜನ್ಯದ ವರ್ತನೆ, ಮೊದಲು ಬಂದವರಿಗೆ ಮೊದಲು ಆಸನ, ಕಪ್ಪುವರ್ಣೀಯ ಚಾಲಕರ ನೇಮಕ ಎಂಬಷ್ಟಕ್ಕೇ ನಿಂತಿದ್ದವು. ಭಾಷಣ ಮಾತ್ರ ಆ ಬೇಡಿಕೆಗಳ ಮಿತಿಯನ್ನು ಅಂದೇ ಮೀರಿತ್ತು.

ಬಳಿಕ ಪಾದ್ರಿ ರಾಲ್ಫ್ ಅಬರ್ನಾಥಿ ಓದಿದ, ಬಸ್ಸು ಬಹಿಷ್ಕಾರವನ್ನು ಮುಂದುವರಿಸುವ ಠರಾವಿಗೆ ಸಭೆ ಎದ್ದುನಿಂತು ಒಪ್ಪಿಗೆ ಕೊಟ್ಟಿತು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬಸ್ಸುಗಳಲ್ಲಿನ ವಿಂಗಡಣೆಯನ್ನು ಅಸಾಂವಿಧಾನಿಕವೆಂದ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಆದೇಶ ನಗರವನ್ನು ತಲುಪುವವರೆಗೆ, ಒಟ್ಟು 381 ದಿನ, ಜನ ಬಸ್ಸು ಹತ್ತಲಿಲ್ಲ.