ಹೊಲಕ್ಕೂ ಬೆದೆ, ಆಕಳಿಗೂ ಬೆದೆ

ಹೊಲಕ್ಕೂ ದನಕ್ಕೂ ಒಟ್ಟಿಗೆ ಸಲ್ಲುವ ಮಾತುಗಳು ಕನ್ನಡದಲ್ಲಿ ಕೆಲವಿವೆ. ಜೋಳ ತೆನೆ ಈನುತ್ತದೆ, ಎಮ್ಮೆ ಕರು ಈಯುತ್ತದೆ. ಆಕಳು ಹೊಟ್ಟೆಯಲ್ಲಿ ಕರು ಹೊತ್ತರೂ ಗಬ್ಬ, ಪೈರು ಒಳಗೆ ತೆನೆ ಹೊತ್ತರೂ ಗಬ್ಬ. ಇವೆರಡಕ್ಕೂ ಮೊದಲು ಬರಬೇಕಾದದ್ದು ಬೆದೆ. ಮಳೆ ಬಿದ್ದು, ನೀರು ಇಂಗಿ, ಮಣ್ಣು ಕೂರಿಗೆಗೆ ಮೆತ್ತಿಕೊಳ್ಳದೆ ಬೀಜಕ್ಕೆ ಬೇಕಾದಷ್ಟು ಹಸಿಯನ್ನು ಹಿಡಿದು ನಿಂತ ಸ್ಥಿತಿಗೆ ಬೆದೆ ಎನ್ನುತ್ತೇವೆ. ಹದಬೆದೆ ಎಂದು ಜೋಡಿಸಿ ಹೇಳುವುದೂ ಉಂಟು. ಆಕಳು ಹೋರಿಗೆ ಒಪ್ಪಿ ನಿಲ್ಲುವ ಹೊತ್ತಿಗೂ ಅದೇ ಹೆಸರು. ಬೀದರ, ಭಾಲ್ಕಿ, ಔರಾದ ಕಡೆಯ ನಾಲಿಗೆಯಲ್ಲಿ ಎಮ್ಮೆ ಎಮ್ಮಿಯಾದಂತೆ ಇದು ಬೆದಿ. “ಆಕಳ ಬೆದಿಗಿ ಬಂದದ.”

ತಮಿಳಿನಲ್ಲಿ ವಿದೈ ಎಂದರೆ ಬೀಜ, ಬಿತ್ತುವುದು. ತೆಲುಗಿನಲ್ಲಿ ವೆದ ಎಂದರೆ ಬಿತ್ತನೆ. ಆಕಳು ‘ಎದ’ಕ್ಕೆ ಬಂತು ಎನ್ನುವುದೂ ತೆಲುಗಿನ ರೂಢಿಯೇ. ಪಂಡಿತರು ಈ ಎಲ್ಲವನ್ನೂ ಒಂದೇ ಬೇರಿಗೆ ಕಟ್ಟಲಿ, ಬಿಡಲಿ, ರೈತರ ಬಾಯಲ್ಲಿ ಅವು ಬಹಳ ಕಾಲದಿಂದ ಒಂದೇ ಮನೆಯಲ್ಲಿ ಬಾಳಿವೆ.

ಬೀದರದ ಗಡಿಯಲ್ಲಿ ನಿಂತು ಈ ಮಾತನ್ನು ಕೇಳಿದರೆ ಅದರ ಬೆಲೆ ಇನ್ನಷ್ಟು ತಿಳಿಯುತ್ತದೆ. ಇಲ್ಲಿ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಓಡಾಡುತ್ತವೆ. ಮರಾಠಿಯವರು ಆಕಳು ಮಾಜಕ್ಕೆ ಬಂತು ಎನ್ನುತ್ತಾರೆ. ಮಾಜ ಎಂದರೆ ಸೊಕ್ಕು ಎಂಬ ಅರ್ಥವೂ ಇದೆ. ಉರ್ದು ಮಾತಿನವರಿಗೆ ಅದು ಗರಮಿ. ಇಂಗ್ಲಿಷಿನ ಹೀಟ್ ಕೂಡ ಬಿಸಿಯೇ. ವಿಜ್ಞಾನದ ಪುಸ್ತಕಗಳಲ್ಲಿರುವ ಈಸ್ಟ್ರಸ್ ಗ್ರೀಕ್ ಮೂಲದ್ದು. ದನಗಳನ್ನು ಕಚ್ಚಿ ಹುಚ್ಚೆಬ್ಬಿಸುವ ನೊಣಕ್ಕೆ ಗ್ರೀಕರು ಇಟ್ಟಿದ್ದ ಹೆಸರು ಅದು. 1900ರಲ್ಲಿ ವಾಲ್ಟರ್ ಹೀಪ್ ಎಂಬ ಇಂಗ್ಲಿಷ್ ವಿಜ್ಞಾನಿ ಸಸ್ತನಿಗಳ ಋತುಚಕ್ರದ ಹಂತಗಳನ್ನು ವಿಂಗಡಿಸಿದಾಗ ಅದು ಶಾಸ್ತ್ರದ ಪದವಾಗಿ ನೆಲೆನಿಂತಿತು. ಸೊಕ್ಕು, ಬಿಸಿ, ನೊಣದ ಕಡಿತ: ಈ ಮೂರೂ ಪ್ರಾಣಿಯ ಅವಸ್ಥೆಯನ್ನು ಹೊರಗಿನಿಂದ ಕಂಡು, ಕೊಂಚ ಬೆದರಿ ಇಟ್ಟ ಹೆಸರುಗಳು. ಕನ್ನಡದ ಮಾತು ಕಂಡದ್ದು ಪ್ರಾಣಿಯ ಗದ್ದಲವನ್ನಲ್ಲ, ಅದರ ಒಳಗಿನ ಸಿದ್ಧತೆಯನ್ನು.

ಆ ಸಿದ್ಧತೆ ಎಂಥದ್ದು? ಆಕಳ ಗರ್ಭಕೋಶಕ್ಕೆ ಎರಡು ಕೊಂಬುಗಳಿವೆ. ಶಾಸ್ತ್ರದಲ್ಲೂ ಅವಕ್ಕೆ ಕೊಂಬು ಎಂದೇ ಹೆಸರು, ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿರುತ್ತವೆ. ಕೊಂಬುಗಳ ತುದಿಯಲ್ಲಿ ಅಂಡನಾಳ, ಅದರಾಚೆ ಅಂಡಾಶಯ. ಈಚೆಗೆ, ಗರ್ಭಕೋಶದ ಬಾಗಿಲಲ್ಲಿ, ಗಟ್ಟಿ ಉಂಗುರಗಳಿರುವ ಕಂಠ. ಹೆಚ್ಚಿನ ದಿನಗಳಲ್ಲಿ ಈ ಕಂಠ ಮುಚ್ಚಿರುತ್ತದೆ, ಅಂಟು ಲೋಳೆ ಬಿಗಿದಿರುತ್ತದೆ. ಅಂಡಾಶಯದಲ್ಲಿ ಒಂದು ಗುಳ್ಳೆ ಬಲಿತು ಈಸ್ಟ್ರೋಜೆನ್ ಹೆಚ್ಚಾದಾಗ ಎಲ್ಲವೂ ಬದಲಾಗುತ್ತದೆ. ಕಂಠ ಸಡಿಲಗೊಳ್ಳುತ್ತದೆ, ಲೋಳೆ ತಿಳಿಯಾಗಿ ಬಾಲಕ್ಕೂ ತೊಡೆಗೂ ಇಳಿಯುತ್ತದೆ, ಗರ್ಭಕೋಶಕ್ಕೆ ರಕ್ತ ಹೆಚ್ಚು ಹರಿದು ಅದು ಬಿಗಿಯಾಗುತ್ತದೆ. ಗುದದ್ವಾರದಿಂದ ಕೈಹಾಕಿ ಪರೀಕ್ಷಿಸುವ ವೈದ್ಯರ ಬೆರಳಿಗೆ ಆ ಬಿಗಿ ತಾಗುತ್ತದೆ. ಆಕಳು ಒದರುವುದು, ಮೇವು ಬಿಡುವುದು, ಬೇರೆ ದನದ ಮೇಲೆ ಹತ್ತುವುದು ಅದೇ ಈಸ್ಟ್ರೋಜೆನ್ ಮಿದುಳಿಗೆ ಮುಟ್ಟಿಸಿದ ಸುದ್ದಿಯಿಂದ. ಗದ್ದಲ ಹೊರಗೆ, ಹದ ಒಳಗೆ. ನಮ್ಮ ಹಿರಿಯರು ಅಂಡಾಶಯವನ್ನು ಕಂಡವರಲ್ಲ. ಆದರೂ ಸರಿಯಾದ ಕಡೆಗೆ ಬೆರಳು ತೋರಿಸುವ ಹೆಸರಿಟ್ಟರು.

ಬೆದೆ ಎಂಬ ಮಾತಿನೊಳಗೆ ಕಾಲವೂ ಇದೆ. ಔರಾದ ಸೀಮೆಯ ಎರೆಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಜಾಸ್ತಿಯಾದರೆ ಎತ್ತು ಕಾಲೂರಲಾಗದು, ನಾಲ್ಕು ದಿನ ಬಿಸಿಲು ಹೊಡೆದರೆ ನೆಲ ಗಟ್ಟಿಯಾಗುತ್ತದೆ. ನಡುವೆ ಸಿಗುವ ಕೆಲವೇ ದಿನಗಳಲ್ಲಿ ಸೋಯಾ, ತೊಗರಿ, ಉದ್ದು, ಹೆಸರು ಮಣ್ಣಿಗೆ ಬೀಳಬೇಕು. ಆಕಳ ಲೆಕ್ಕ ಇದಕ್ಕಿಂತ ಬಿಗಿ. ಸುಮಾರು 21 ದಿನಕ್ಕೊಮ್ಮೆ ಬರುವ ಬೆದೆ 12ರಿಂದ 18 ತಾಸು ಇರುತ್ತದೆ, ದೇಶಿ ತಳಿಗಳಲ್ಲಿ ಇನ್ನೂ ಕಡಿಮೆ. ವಿಚಿತ್ರವೆಂದರೆ ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಹತ್ತು ಹನ್ನೆರಡು ತಾಸಿನ ಮೇಲೆ. ಅದಕ್ಕೇ ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಗರ್ಭಧಾರಣೆ ಮಾಡಿಸಿ ಎಂದು ಪಶುವೈದ್ಯರು ಹೇಳುವುದು. ಎರಡು ದಿನ ಕಳೆದು ಬಾಲದ ಕೆಳಗೆ ರಕ್ತ ಕಂಡಾಗ ಆಕಳನ್ನು ದವಾಖಾನೆಗೆ ಹೊಡೆದುಕೊಂಡು ಹೋಗುವವರಿದ್ದಾರೆ. ಆ ರಕ್ತ ಹೇಳುವುದು ಬೆದೆ ದಾಟಿ ಹೋಯಿತೆಂದು. ಎಮ್ಮೆಯದಂತೂ ಇನ್ನೂ ಕಷ್ಟ: ಬೇಸಿಗೆಯಲ್ಲಿ ಅದು ಒದರುವುದೂ ಇಲ್ಲ, ಹತ್ತುವುದೂ ಇಲ್ಲ. ಅದಕ್ಕೆ ಮೂಕ ಬೆದೆ ಎಂಬ ಹೆಸರಿದೆ.

ಹೋರಿಯನ್ನು ಹುಡುಕಿಕೊಂಡು ಊರೂರು ಅಲೆಯುವ ಕಾಲ ಹೋಯಿತು. 1939ರಲ್ಲಿ ಮೈಸೂರು ಅರಮನೆಯ ಡೈರಿಯಲ್ಲಿ ಸಂಪತ್ ಕುಮಾರನ್ ಅವರು ಭಾರತದಲ್ಲೇ ಮೊದಲ ಬಾರಿಗೆ ಕೃತಕ ಗರ್ಭಧಾರಣೆ ಮಾಡಿದರು. ಈಗ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿದ ವೀರ್ಯದ ನಳಿಕೆ ಹಳ್ಳಿಗೇ ಬರುತ್ತದೆ. ಹೋರಿ ಮುಂದಿದ್ದಾಗ ಬೆದೆಯನ್ನು ಅದೇ ಮೂಸಿ ಕಂಡುಹಿಡಿಯುತ್ತಿತ್ತು. ಇಂದು ಆ ಕೆಲಸ ಪೂರ್ತಿ ಮನುಷ್ಯರ ಕಣ್ಣಿನ ಮೇಲೆ ಬಿದ್ದಿದೆ, ಕಂಡದ್ದನ್ನು ಹೇಳುವ ಬಾಯಿಯ ಮೇಲೂ.

ನನ್ನ ಚಿಂತೆ ಆ ಬಾಯಿಯದು. ದನಕ್ಕೆ ಮೇವು ಹಾಕುವವರು, ಹಿಂಡುವವರು, ಸಗಣಿ ಬಾಚುವವರು ಬಹುಪಾಲು ಹೆಂಗಸರು. ಲೋಳೆಯನ್ನು ಮೊದಲು ಕಾಣುವುದೂ ಅವರೇ. ಆದರೆ ಪೇಟೆಯ ಮಾತಿನಲ್ಲಿ ಬೆದೆ ಬೈಗುಳವಾಗಿ ಹೋಗಿದೆ. ಮನುಷ್ಯರಿಗೆ, ಅದರಲ್ಲೂ ಹೆಣ್ಣಿಗೆ, ಕೀಳಾಗಿ ಎಸೆಯುವ ಮಾತಾದ ಮೇಲೆ ಮರ್ಯಾದಸ್ಥ ಹೆಂಗಸು ಅದನ್ನು ಗಂಡಸರೆದುರು ಹೇಗೆ ಆಡಿಯಾಳು? “ಡಾಕ್ಟರ್ ಸಾಬ್, ಆಕಳ ನಿನ್ನಿ ಸಂಜಿಂದ ಒದರಲತ್ತದ್ರಿ, ಮೇವು ತಿನ್ನವಲ್ದು” ಎಂದಷ್ಟೇ ಹೇಳುತ್ತಾಳೆ. ಕೇಳಿದವರು ಹೊಟ್ಟೆಯುಬ್ಬರವೋ ಜ್ವರವೋ ಎಂದುಕೊಳ್ಳಬಹುದು. ವಿಷಯ ಸ್ಪಷ್ಟವಾಗುವಷ್ಟರಲ್ಲಿ ಒಂದು ರಾತ್ರಿ ಕಳೆದಿರುತ್ತದೆ. ಹೊಲಕ್ಕೆ ಬೆದೆ ಬಂದಿದೆ ಎಂದು ಊರ ಕಟ್ಟೆಯ ಮೇಲೆ ಯಾರೂ ತಲೆ ತಗ್ಗಿಸದೆ ಹೇಳುವ ಮಾತಿದು. ಅದಕ್ಕೆ ಮೈಲಿಗೆ ಹಚ್ಚಿದವರು ನಾವು. ಹೀಟ್ ಎಂಬ ಇಂಗ್ಲಿಷ್ ಮಾತು ಸಭ್ಯವೆಂದು ಕೈಪಿಡಿಗಳಲ್ಲಿ ಸೇರಿಸಿಕೊಂಡೆವು. ಅದರಿಂದ ಮುಜುಗರ ತಗ್ಗಿರಬಹುದು, ಆದರೆ ಹೊಲ ಅದರಿಂದ ಕಳಚಿ ಬಿತ್ತು. ಬಿತ್ತನೆಯ ಹೊತ್ತನ್ನು ಗಂಟೆಯ ಲೆಕ್ಕದಲ್ಲಿ ಕಾಯುವುದು ರೈತ ಹೆಣ್ಣಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಅವಳ ಮಾತಿನಲ್ಲೇ ಅದಿತ್ತು.

ಬೆದೆ ತಪ್ಪಿದರೆ ಬರುವ ಮುಂದಿನ ಮಾತು ಗೊಡ್ಡು. ಮೂರ್ನಾಲ್ಕು ಸಲ ಗಬ್ಬ ನಿಲ್ಲದ ಆಕಳಿಗೆ ಆ ಹೆಸರು ಬಿದ್ದರೆ ಕೊಟ್ಟಿಗೆಯಲ್ಲಿ ಅದರ ದಿನ ಮುಗಿಯಿತೆಂದೇ ಅರ್ಥ. ಆದರೆ ನಿಜವಾಗಿ ಗೊಡ್ಡಾಗಿರುವ ದನ ಕಡಿಮೆ. ಕಾರಣ ಬೇರೆಯೇ ಇರುತ್ತದೆ: ಮೇವಿನಲ್ಲಿ ಖನಿಜ ಸಾಲದ್ದು, ಗರ್ಭಕೋಶದ ಸೋಂಕು, ಅಂಡಾಶಯದಲ್ಲಿ ಕರಗದೆ ಉಳಿದ ಹಳದಿ ಕಾಯ, ಇಲ್ಲವೇ ಹೊತ್ತು ಮೀರಿ ಮಾಡಿಸಿದ ಗರ್ಭಧಾರಣೆ. ಇವುಗಳಲ್ಲಿ ಹೆಚ್ಚಿನವಕ್ಕೆ ಮದ್ದಿದೆ. ಈ ಸೀಮೆಯ ಹೆಮ್ಮೆಯಾದ ದೇವಣಿ ತಳಿಯ ಮಟ್ಟಿಗಂತೂ ಇದು ಸಣ್ಣ ಮಾತಲ್ಲ. ಹಾಲಿಗೂ ದುಡಿತಕ್ಕೂ ಒದಗುವ ತಳಿ ಅದು. ಹೆಸರು ಕೊಟ್ಟ ದೇವಣಿ ಊರು ಇಂದು ಲಾತೂರ ಜಿಲ್ಲೆಯಲ್ಲಿದೆ. ಪಕ್ಕದ ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕಾಗಿತ್ತು. ಗಡಿ ಎಳೆದರೂ ದನಗಳು ಎರಡೂ ಕಡೆ ಉಳಿದವು. ಪೂರ್ತಿ ಬಿಳಿಯದು ಬಾಳಂಕ್ಯಾ, ಬಿಳಿ ಮೈಗೆ ಕಪ್ಪು ಮುಖವಿದ್ದರೆ ವಾನೇರಾ, ಕಪ್ಪು ಮಚ್ಚೆಗಳಿದ್ದರೆ ಶೇವೆರಾ. ಬೀದರದ ನಂದಿನಗರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ದೇವಣಿ ಸಂಶೋಧನಾ ಕೇಂದ್ರ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿದೆ. ಕೇಂದ್ರ ಎಷ್ಟೇ ದುಡಿಯಲಿ, ಹಳ್ಳಿಯಲ್ಲಿ ಒಂದು ದೇವಣಿ ಮಣಕ ಗೊಡ್ಡೆನಿಸಿಕೊಂಡು ಮಾರಾಟವಾದರೆ ತಳಿಗೆ ಅಷ್ಟು ನಷ್ಟವೇ.

ತಾರೀಖಿನ ಲೆಕ್ಕವೊಂದನ್ನು ಹೇಳಬೇಕು. ಮಿರಗದ ಮಳೆಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ, ಗಬ್ಬ ನಿಂತ ಆಕಳು ಸುಮಾರು 282 ದಿನ ಹೊತ್ತು ಹೋಳಿಯ ಆಸುಪಾಸಿನಲ್ಲಿ ಈಯುತ್ತದೆ. ವರ್ಷಕ್ಕೊಂದು ಕರು ಬೇಕಾದರೆ ಈದು ಮೂರು ತಿಂಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು, ಆಗ ಮತ್ತೆ ಜೂನ್ ಬರುತ್ತದೆ. ಅದೇ ವಾರ ಮನೆಯ ಮಂದಿಯೆಲ್ಲ ಕೂರಿಗೆಯ ಹಿಂದೆ ಹೊಲದಲ್ಲಿರುತ್ತಾರೆ. ಒಂದು ಬೆದೆಯನ್ನು ಹಿಡಿಯಲು ಹೋಗಿ ಇನ್ನೊಂದನ್ನು ಬಿಡುವುದು ಆಗಲೇ. ಆ ದಿನಗಳಲ್ಲಿ ಮನೆಯಲ್ಲುಳಿದ ಅಜ್ಜಿಯೋ ಶಾಲೆಗೆ ಹೋಗುವ ಮೊಮ್ಮಗಳೋ ನಸುಕಿಗೊಮ್ಮೆ, ದೀಪ ಹಚ್ಚುವಾಗೊಮ್ಮೆ ಕೊಟ್ಟಿಗೆಗೆ ಹೋಗಿ ಆಕಳ ಬಾಲ ಎತ್ತಿ ನೋಡಲಿ. ಲೋಳೆ ಕಂಡರೆ ದನದ ದವಾಖಾನೆಗೆ ಫೋನು ಹಚ್ಚಿ ಬೆದಿಗಿ ಬಂದದ ಎಂದು ಗಟ್ಟಿಯಾಗಿ ಹೇಳಲಿ.