ಡಬ್ಬಿಯೊಳಗಿನ ಗಾಳಿ

ಪೀಣ್ಯದಲ್ಲಿ ಧೂಳು ಒಂದೇ ಬಗೆಯದಲ್ಲ. ಲೇತ್ ಶೆಡ್ಡಿನ ಧೂಳಿಗೆ ಎಣ್ಣೆಯ ಪಸೆ, ಫೌಂಡ್ರಿಯದಕ್ಕೆ ಮಸಿಯ ಬಣ್ಣ. ಪೌಡರ್ ಕೋಟಿಂಗ್ ಮಾಡುವವರ ಬೀದಿಯಲ್ಲಿ ಆ ವಾರದ ಆರ್ಡರು ಯಾವುದೋ ಆ ಬಣ್ಣ. ಇವೆಲ್ಲದರ ಮೇಲೆ ಲಾರಿಗಳು ಎಬ್ಬಿಸುವ ಕೆಮ್ಮಣ್ಣು. ತೊಂಬತ್ತರ ದಶಕದಲ್ಲಿ ಅಲ್ಲಿನ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಸ್ಕೂಟರಿನಲ್ಲಿ ಅಲೆದ ನನಗೆ ಈ ಧೂಳು ಅನ್ನ ಹಾಕಿದೆ. ಆದ್ದರಿಂದ ಅದನ್ನು ಪೂರ್ತಿ ಬೈಯಲಾರೆ.

ಇಂಥ ಜಾಗದಲ್ಲಿ ಉಪಗ್ರಹ ಕಟ್ಟಿದ್ದರು ಎಂದರೆ ಈಗಿನ ಹುಡುಗರು ನಗುತ್ತಾರೆ. 1972ರಲ್ಲಿ ಉಡುಪಿ ಬಳಿಯ ಅದಮಾರಿನ ಯು. ಆರ್. ರಾಯರ ನೇತೃತ್ವದಲ್ಲಿ ಇಸ್ರೋದವರು ಪೀಣ್ಯದ ಕೈಗಾರಿಕಾ ಶೆಡ್ಡುಗಳನ್ನು ಹಿಡಿದು, ಅದರೊಳಗೇ ಕ್ಲೀನ್ ರೂಮ್ ಮಾಡಿಕೊಂಡು, 360 ಕಿಲೋ ತೂಕದ ಆರ್ಯಭಟವನ್ನು ಜೋಡಿಸಿದರು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನ ಮೇಲೆ ಹೋಯಿತು. ಹೊರಗೆ ಕೆಮ್ಮಣ್ಣು, ಒಳಗೆ ಉಪಗ್ರಹ. ನಡುವೆ ಇದ್ದದ್ದು ಗೋಡೆಗಿಂತ ಹೆಚ್ಚಾಗಿ ಸೋಸಿದ ಗಾಳಿ.

ಕ್ಲೀನ್ ರೂಮ್ ಎಂದರೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಕೋಣೆ ಎಂದು ಬಹಳ ಜನ ತಿಳಿದಿದ್ದಾರೆ. ಮುಚ್ಚಿದರೆ ಸಾಲದು, ಒಳಗೆ ಕೆಲಸ ಮಾಡುವ ಮನುಷ್ಯನೇ ಧೂಳಿನ ಗಣಿ. ಅವನ ಚರ್ಮ, ಕೂದಲು, ಬಟ್ಟೆಯ ಎಳೆ ಉದುರುತ್ತಲೇ ಇರುತ್ತವೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲಿಸ್ ವಿಟ್‌ಫೀಲ್ಡ್ 1960ರ ಸುಮಾರಿಗೆ ಕಂಡುಕೊಂಡ ಉಪಾಯ ನೋಡಲು ತೀರಾ ಸರಳ. ಸೋಸಿದ ಗಾಳಿಯನ್ನು ಸುಳಿಯೇಳದಂತೆ ಒಂದೇ ದಿಕ್ಕಿಗೆ ಹರಿಸುತ್ತಿರುವುದು. ಎದ್ದ ಧೂಳನ್ನು ಎದ್ದಲ್ಲಿಂದಲೇ ಹೊತ್ತೊಯ್ದು ಮತ್ತೆ ಸೋಸುವುದು. ಗಾಳಿಯೇ ಪೊರಕೆ. (ನಮ್ಮ ವೈಟ್‌ಫೀಲ್ಡಿಗೂ ಈತನಿಗೂ ನಂಟಿಲ್ಲ. ಅದು ಡಿ. ಎಸ್. ವೈಟ್ ಎಂಬ ಆಂಗ್ಲೋ ಇಂಡಿಯನ್ ಮುಖಂಡನ ಹೆಸರಿನಿಂದ 1880ರ ದಶಕದಲ್ಲಿ ಬಂದದ್ದು.)

ನಾನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಹಾರ್ಡ್ ಡಿಸ್ಕ್ ಎಂಬ ಡಬ್ಬಿಯೊಳಗೂ ಇಂಥದೇ ಒಂದು ಪೊರಕೆ ಇದೆ. ಅದು ಅಲ್ಲಿಗೆ ಬಂದ ದಾರಿ ಸ್ವಲ್ಪ ಉದ್ದದ್ದು. 1956ರಲ್ಲಿ ಐಬಿಎಂ ಮಾಡಿದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಓದುವ ಹೆಡ್ಡನ್ನು ತಟ್ಟೆಯಿಂದ ಸುಮಾರು 20 ಮೈಕ್ರಾನ್ ಮೇಲೆ ನಿಲ್ಲಿಸಲು ಕಂಪ್ರೆಸರ್ ಗಾಳಿ ಊದಬೇಕಿತ್ತು. 1961ರ ಯಂತ್ರದಲ್ಲಿ ಆ ಕಂಪ್ರೆಸರ್ ಹೋಯಿತು. ತಿರುಗುವ ತಟ್ಟೆ ತನ್ನೊಡನೆ ಎಳೆದು ತರುವ ಗಾಳಿಯ ಮೇಲೆಯೇ ಹೆಡ್ಡು ತೇಲತೊಡಗಿತು. ಹೆಡ್ಡು ತಟ್ಟೆಗೆ ಹತ್ತಿರವಾದಷ್ಟೂ ಹೆಚ್ಚು ಬರೆಯಬಹುದು. ಆದರೆ ಹತ್ತಿರವಾದಷ್ಟೂ ಇನ್ನೂ ಸಣ್ಣ ಧೂಳೂ ಮಾರಕವಾಗುತ್ತದೆ. 1962ರಲ್ಲಿ ಬಂದ, ಬೇಕಾದಾಗ ತೆಗೆದು ಹಾಕುವ ತಟ್ಟೆಗಳ ಕಟ್ಟು ಅನುಕೂಲವೇನೋ ಹೌದು. ಬದಲಿಸಿದಾಗಲೆಲ್ಲ ಕೋಣೆಯ ಗಾಳಿ ಒಳಹೊಕ್ಕುತ್ತಿತ್ತು. ಕೊನೆಗೆ 1973ರಲ್ಲಿ ವಿಂಚೆಸ್ಟರ್ ಎಂಬ ಅಡ್ಡಹೆಸರಿನ ಯಂತ್ರದಲ್ಲಿ ಹೆಡ್ಡು, ತಟ್ಟೆ ಎರಡನ್ನೂ ಒಟ್ಟಿಗೇ ಮುಚ್ಚಿಬಿಟ್ಟರು. ಅಷ್ಟರಲ್ಲಿ ನಡುವಿನ ಸಂದು ಸುಮಾರು ಅರ್ಧ ಮೈಕ್ರಾನಿಗೆ ಇಳಿದಿತ್ತು. ಬೀಡಿ ಹೊಗೆಯ ಕಣವೂ ಅಲ್ಲಿ ದಾರಿಗಡ್ಡ ಬಿದ್ದ ಬಂಡೆ.

ಮುಚ್ಚಿದರೂ ಧೂಳು ಒಳಗೇ ಹುಟ್ಟುತ್ತದೆ. ಬೇರಿಂಗಿನಿಂದ ಬರುತ್ತದೆ, ಸ್ಕ್ರೂ ತಿರುಗಿಸಿದಾಗ ಉದುರುತ್ತದೆ. ಹಳೆಯ ಡಿಸ್ಕುಗಳಲ್ಲಿ ಕರೆಂಟು ಹೋದಾಗ ಹೆಡ್ಡು ತಟ್ಟೆಯ ಮೇಲೇ ಇಳಿದು ಉಜ್ಜುತ್ತಿತ್ತು. ಇದಕ್ಕೆ ಬೇರೆ ಫ್ಯಾನು ಬೇಕಿಲ್ಲ, ತಟ್ಟೆಯೇ ಫ್ಯಾನು. ನಿಮಿಷಕ್ಕೆ 3600 ಸುತ್ತು ತಿರುಗುವ ಮೂರೂವರೆ ಇಂಚಿನ ತಟ್ಟೆಯ ಅಂಚು ಗಂಟೆಗೆ 60 ಕಿ.ಮೀ. ಮೀರಿ ಓಡುತ್ತದೆ. ಅದು ಹೊರಕ್ಕೆ ಎಸೆದ ಗಾಳಿ ಗೋಡೆಯನ್ನು ಸವರಿಕೊಂಡು ಹೋಗಿ, ಮೂಲೆಯಲ್ಲಿ ಸಣ್ಣ ದಿಂಬಿನ ಹಾಗೆ ಕೂತಿರುವ ಫಿಲ್ಟರನ್ನು ಹಾಯ್ದು ಮರಳುತ್ತದೆ. ಸುತ್ತು ಸುತ್ತಿಗೂ ಸೋಸಿಕೊಳ್ಳುತ್ತದೆ. ಗೋಡೆಯ ಬಾಗು ಇಷ್ಟೇ ಇರಬೇಕು, ಫಿಲ್ಟರು ಇಲ್ಲೇ ಕೂರಬೇಕು ಎಂದು ಅದನ್ನು ಮಾಡಿದವರು ತಲೆ ಕೆಡಿಸಿಕೊಂಡಿರುತ್ತಾರೆ. ಹೆಡ್ಡಿನ ತೋಳಿನ ಬಳಿ ಗಾಳಿ ಸುಳಿಯೆದ್ದರೆ ತೋಳೇ ನಡುಗುತ್ತದೆ.

1994ರ ಮಳೆಗಾಲದಲ್ಲಿ ಎರಡನೇ ಹಂತದ ಒಂದು ಕಾರ್ಖಾನೆಯಿಂದ ಫೋನು ಬಂತು. ಹೋದರೆ ಸೂಪರ್‌ವೈಸರು ಡಿಸ್ಕನ್ನು ಬನಿಯನ್ ವೇಸ್ಟಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದರು. "ಕಿರ್ ಅಂತಿತ್ತು ಸಾರ್. ನಾನೇ ಬಿಚ್ಚಿ ಏರ್ ಹೊಡೆದು ಕ್ಲೀನ್ ಮಾಡಿಟ್ಟಿದೀನಿ." ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತವರಿಗೆ ಸ್ವಚ್ಛ ಮಾಡುವುದೆಂದರೆ ಏರ್ ಹೊಡೆಯುವುದೇ, ಅದರಲ್ಲಿ ಅವರ ತಪ್ಪೇನೂ ನನಗೆ ಕಾಣಲಿಲ್ಲ. ಆದರೆ ಕಂಪ್ರೆಸರಿನ ಗಾಳಿಯಲ್ಲಿ ನೀರೂ ಇರುತ್ತದೆ, ಎಣ್ಣೆಯೂ ಇರುತ್ತದೆ. ಕನ್ನಡಿಯಂತಿದ್ದ ತಟ್ಟೆಯ ಮೇಲೆ ಬಳೆಯಾಕಾರದ ಗೀರು ಬಿದ್ದಿತ್ತು. ಅದರೊಳಗೆ ಹೋದದ್ದು ಎಪ್ಪತ್ತು ಕೆಲಸಗಾರರ ಮೂರು ತಿಂಗಳ ಓವರ್‌ಟೈಮ್ ಲೆಕ್ಕ. ಹಬ್ಬದ ಮುಂದೆ ಕೈಗೆ ಬರಬೇಕಾದ ದುಡ್ಡು ಅದು. ಲೆಕ್ಕವಿಲ್ಲದೆ ಹೇಗೆ ಕೊಡಲಿ ಎಂದರು ಮಾಲೀಕರು; ಅವರ ಮಾತನ್ನೂ ಸುಳ್ಳೆನ್ನಲಾಗದು. ಆಫೀಸಿನ ಹೆಣ್ಣುಮಗಳೊಬ್ಬಳು, ರದ್ದಿಗೆ ಹಾಕು ಎಂದಿದ್ದರೂ ಹಾಕದೆ, ಪಂಚ್ ಮಾಡಿದ ಟೈಮ್ ಕಾರ್ಡುಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಳು. ಇಬ್ಬರು ಗುಮಾಸ್ತರೊಡನೆ ಐದು ರಾತ್ರಿ ಕೂತು ಎಲ್ಲವನ್ನೂ ಕೂಡಿದಳು. ದುಡ್ಡು ಬಂತು, ತಡವಾಗಿ. ಆ ಡಿಸ್ಕಿಗೆ ನಾನು ಮಾಡಬಹುದಾದ್ದು ಏನೂ ಇರಲಿಲ್ಲ.

ಡಬ್ಬಿ ಪೂರ್ತಿ ಮುಚ್ಚಿದ್ದು ಎಂಬುದೂ ನಿಜವಲ್ಲ. ಅದರ ಮೈಮೇಲೆ ಗುಂಡುಸೂದಿಯ ತಲೆಯಷ್ಟು ಒಂದು ತೂತು ಇರುತ್ತದೆ, ಪಕ್ಕದಲ್ಲಿ ಇದನ್ನು ಮುಚ್ಚಬೇಡಿ ಎಂಬ ಎಚ್ಚರಿಕೆ. ಧೂಳು ಹೋದೀತೆಂದು ಪೀಣ್ಯದಲ್ಲಿ ಅದಕ್ಕೆ ಟೇಪು ಅಂಟಿಸಿದವರನ್ನು ನೋಡಿದ್ದೇನೆ. ಸಿಂಗಪುರದಲ್ಲಿ ಸಮುದ್ರಮಟ್ಟದಲ್ಲಿ ಮುಚ್ಚಿದ ಡಬ್ಬಿ 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗ ಹೊರಗಿನ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಗಿರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಇನ್ನೂ ಹಿಗ್ಗುತ್ತದೆ. ಉಸಿರಾಡಲು ದಾರಿಯಿಲ್ಲದಿದ್ದರೆ ಆ ಒತ್ತಡ ಮುಚ್ಚಳದ ಅಂಚಿನ ರಬ್ಬರಿನಲ್ಲಿ ಸಂದು ಹುಡುಕುತ್ತದೆ, ತಣ್ಣಗಾದಾಗ ಅದೇ ಸಂದಿನಿಂದ ಸೋಸದ ಗಾಳಿ ಒಳಬರುತ್ತದೆ. ತೂತಿನ ಹಿಂದೆ ಫಿಲ್ಟರಿದೆ, ಸಂದಿಗಿಲ್ಲ. ತೀರ ಎತ್ತರಕ್ಕೆ ಹೋದರೆ ಕಷ್ಟ ಬೇರೆ: ತೆಳುಗಾಳಿ ಹೆಡ್ಡನ್ನು ಹೊರಲಾರದು. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಸುಮಾರು 3000 ಮೀಟರಿನ ಮಿತಿ ಹಾಕಿರುವುದು ಆ ಕಾರಣಕ್ಕೆ.

2013ರಲ್ಲಿ ಹೀಲಿಯಂ ತುಂಬಿದ ಡಿಸ್ಕು ಮಾರಾಟಕ್ಕೆ ಬಂತು. ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ, ತಟ್ಟೆಗಳ ಸುತ್ತ ಸುಳಿ ಕಡಿಮೆ. ಅದು ಸೋರಬಾರದೆಂದು ಡಬ್ಬಿಯನ್ನು ವೆಲ್ಡ್ ಮಾಡುತ್ತಾರೆ. ತೂತೂ ಇಲ್ಲ, ಬಿಚ್ಚಲು ಸ್ಕ್ರೂವೂ ಕೈಗೆ ಸಿಗದು. ಮೂಲೆಯ ಆ ಸಣ್ಣ ದಿಂಬು ಮಾತ್ರ ಈಗಲೂ ಒಳಗಿದೆ.