ಭುಜದ ಸುಣ್ಣಗಂಟು: ಸೂಜಿ ಚಿಕಿತ್ಸೆಯ ಇತಿಹಾಸ

ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳಲ್ಲಿ ಕ್ಯಾಲ್ಸಿಯಂ ಲವಣ ಗಂಟುಗಟ್ಟಿ ನೋವು ತರುವ ಸ್ಥಿತಿಗೆ ಕ್ಯಾಲ್ಸಿಫಿಕ್ ಟೆಂಡಿನೈಟಿಸ್ ಎಂದು ಹೆಸರು. ಹೆಚ್ಚಾಗಿ 30ರಿಂದ 60ರ ನಡುವಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ತುಸು ಜಾಸ್ತಿ ಕಾಣುತ್ತದೆ. ತೋಳನ್ನು ಪಕ್ಕಕ್ಕೆ ಎತ್ತುವ ಸುಪ್ರಾಸ್ಪೈನೇಟಸ್ ರಜ್ಜುವೇ ಅದರ ಮೆಚ್ಚಿನ ಜಾಗ. ಗಂಟಿನಲ್ಲಿರುವುದು ಮೂಳೆಯಲ್ಲಿರುವ ಜಾತಿಯದೇ ಅಪಟೈಟ್ ಹರಳು. ಉಂಡ ಕ್ಯಾಲ್ಸಿಯಂ ಅಲ್ಲಿ ಹೋಗಿ ಕೂತಿದೆ ಎಂಬ ಊಹೆ ತಪ್ಪು. ಈ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾದ ಮಟ್ಟದಲ್ಲೇ ಇರುತ್ತದೆ. ಹಾಲು, ರಾಗಿ ಬಿಟ್ಟರೆ ಭುಜಕ್ಕೇನೂ ಲಾಭವಿಲ್ಲ.

1872ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಸಿಮೋನ್ ಡುಪ್ಲೆ ಭುಜದ ಸುತ್ತಿನ ಇಂಥ ನೋವುಗಳಿಗೆಲ್ಲ ಪೆರಿಆರ್ಥ್ರೈಟಿಸ್ ಎಂದು ಒಂದೇ ಹೆಸರಿಟ್ಟ. ಒಳಗೇನಿದೆಯೆಂದು ಕಾಣದ ಕಾಲದ ಆ ಹೆಸರು ನಮ್ಮ ವೈದ್ಯರ ಚೀಟಿಗಳಲ್ಲಿ ಇಂದಿಗೂ ಉಳಿದಿದೆ. 1895ರಲ್ಲಿ ಎಕ್ಸ್‌-ರೇ ಬಂದ ಮೇಲೆ ಒಳಗಿನದು ಕಾಣತೊಡಗಿತು. 1907ರಲ್ಲಿ ಪೇಂಟರ್ ಎಂಬ ವೈದ್ಯ ಭುಜದಲ್ಲಿ ಸುಣ್ಣದ ನೆರಳನ್ನು ವರದಿ ಮಾಡಿದ. ಅದು ಕೀಲಿನ ಮೇಲಿನ ಬರ್ಸಾ ಎಂಬ ತೆಳುಚೀಲದಲ್ಲಿದೆ ಎಂದು ಆಗ ಹಲವರು ನಂಬಿದ್ದರು. ಅದಿರುವುದು ರಜ್ಜುವಿನೊಳಗೇ ಎಂದು ತೋರಿಸಿದವನು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್.

ಕಾಡ್‌ಮನ್ ಹಟಮಾರಿ. ಚಿಕಿತ್ಸೆ ಪಡೆದ ಪ್ರತಿಯೊಬ್ಬರೂ ವರ್ಷ ಕಳೆದ ಮೇಲೆ ಹೇಗಿದ್ದಾರೆ ಎಂದು ಆಸ್ಪತ್ರೆ ವಿಚಾರಿಸಲೇಬೇಕು ಎಂಬುದು ಅವನ ವಾದ. ಸಹೋದ್ಯೋಗಿಗಳಿಗೆ ಅದು ಹಿಡಿಸಲಿಲ್ಲ. 1911ರಲ್ಲಿ ಸ್ವಂತ ಆಸ್ಪತ್ರೆ ತೆರೆದು, 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ಮಂದಿಯ ವಿಷಯದಲ್ಲಿ 123 ತಪ್ಪುಗಳಾಗಿವೆ ಎಂದು ತಾನೇ ಅಚ್ಚು ಹಾಕಿಸಿದ. ಭುಜದ ಕುರಿತ ಅವನ ದೊಡ್ಡ ಗ್ರಂಥ ಬಂದದ್ದು 1934ರಲ್ಲಿ. ಇಂದು ಭುಜದ ಪಾಠದಲ್ಲಿ ಅವನ ಹೆಸರು ಬರುತ್ತದೆ; ನನಗೆ ಮಾತ್ರ ಅವನ ಆ ವಿಚಾರಣೆಯೇ ಹೆಚ್ಚು ಮುಖ್ಯವೆನಿಸುತ್ತದೆ.

ಏಕೆಂದರೆ ಈ ಕಾಯಿಲೆ ತಾನಾಗಿಯೂ ಹೋಗುತ್ತದೆ. 1941ರಲ್ಲಿ ಬಾಸ್ವರ್ತ್ ಎಂಬ ವೈದ್ಯ ಅಮೆರಿಕದ 6,061 ಕಚೇರಿ ನೌಕರರ ಭುಜಗಳನ್ನು ಪರೀಕ್ಷಿಸಿದಾಗ ಶೇಕಡಾ 2.7 ಜನರಲ್ಲಿ ಸುಣ್ಣವಿತ್ತು. ಅವರಲ್ಲಿ ಅನೇಕರಿಗೆ ನೋವೇ ಇರಲಿಲ್ಲ. ಕೆನಡಾದ ಒಟ್ಟಾವಾದಲ್ಲಿ ಹಾನ್ಸ್ ಉಥಾಫ್ 1970ರ ದಶಕದಿಂದ ಇದರ ನಡೆಯನ್ನು ಬಿಡಿಸಿದ. ಮೊದಲು ರಜ್ಜುವಿನ ಒಂದು ಭಾಗ ಮೃದ್ವಸ್ಥಿಯಾಗುತ್ತದೆ, ಅಲ್ಲಿ ಹರಳು ಕೂಡುತ್ತದೆ, ತಿಂಗಳುಗಳೋ ವರ್ಷಗಳೋ ಸುಮ್ಮನಿರುತ್ತದೆ, ಕೊನೆಗೆ ದೇಹವೇ ಅದನ್ನು ಕರಗಿಸಲು ಹೊರಡುತ್ತದೆ. ಕೂಡುವಾಗ ಅದು ಸೀಮೆಸುಣ್ಣದಂತೆ ಗಟ್ಟಿ, ಕರಗುವಾಗ ಎಲೆಗೆ ಸವರುವ ಸುಣ್ಣದಂತೆ ಮೆತ್ತಗೆ. ಪ್ರಾಣ ಹಿಂಡುವ ನೋವು ಬರುವುದು ಈ ಕರಗುವ ಹೊತ್ತಿನಲ್ಲೇ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತದೆ, ತಲೆ ಬಾಚಲು ಕೈ ಏಳುವುದಿಲ್ಲ. ವಾಸಿಯಾಗುವ ಘಟ್ಟ ಹತ್ತಿರವಾದಾಗಲೇ ರೋಗಿ ತಾಳಲಾರದೆ ವೈದ್ಯರ ಬಾಗಿಲು ತಟ್ಟುತ್ತಾನೆ. ಆಗ ಏನು ಮಾಡಿದರೂ ಅದೇ ಗುಣ ಮಾಡಿತು ಅನಿಸುವುದು ಸಹಜ.

ಸೂಜಿಯಿಂದ ಸುಣ್ಣ ತೊಳೆಯುವ ವಿಧಾನವನ್ನು 1937ರಲ್ಲೇ ಪ್ಯಾಟರ್ಸನ್ ಮತ್ತು ಡ್ಯಾರಕ್ ವಿವರಿಸಿದ್ದರು. 1978ರಲ್ಲಿ ಕಂಫರ್ಟ್ ಮತ್ತು ಅರಾಫೈಲ್ಸ್ ಎಕ್ಸ್‌-ರೇ ಪರದೆ ನೋಡುತ್ತ ಸೂಜಿ ನಡೆಸಿ ಅದನ್ನು ಬಾರ್ಬೊಟಾಜ್ ಎಂದರು. ಬಾತುಕೋಳಿ ಕೆಸರುನೀರಿನಲ್ಲಿ ಕೊಕ್ಕಾಡಿಸುವುದಕ್ಕೆ ಸಂಬಂಧಿಸಿದ ಫ್ರೆಂಚ್ ಪದ ಅದು. 1995ರಲ್ಲಿ ಫಿನ್ಲೆಂಡಿನ ಫಾರಿನ್ ಮತ್ತು ಸಂಗಡಿಗರು ಅದೇ ಕೆಲಸವನ್ನು ವಿಕಿರಣವಿಲ್ಲದ ಅಲ್ಟ್ರಾಸೌಂಡ್ ನೆರವಿನಿಂದ ಮಾಡಿದ ವರದಿ ಪ್ರಕಟಿಸಿದರು. ಅಲ್ಲಿಂದ ಅದು ಸ್ಕ್ಯಾನಿಂಗ್ ಕೋಣೆಯ ಕೆಲಸವಾಯಿತು.

ರೋಗಿ ಮಂಚದ ಮೇಲೆ ಮಲಗಿರುತ್ತಾನೆ, ಎಚ್ಚರವಾಗಿಯೇ. ಅರಿವಳಿಕೆಯ ಚುಚ್ಚು ಉರಿಯುತ್ತದೆ. ಆಮೇಲೆ ನೋವಿಗಿಂತ ಒಳಗೆ ಯಾರೋ ಒತ್ತಿದಂಥ ಭಾವ. ಪರದೆಯಲ್ಲಿ ಗಂಟು ಬೆಳ್ಳಗೆ, ಅದರ ಹಿಂದೆ ಕಪ್ಪು ನೆರಳು. ಬೆಳ್ಳಿಗೆರೆಯಂಥ ಸೂಜಿ ಅದರೊಳಕ್ಕೆ ಇಳಿಯುತ್ತದೆ. ವೈದ್ಯರು ಉಪ್ಪುನೀರನ್ನು ಒತ್ತಿ ಬಿಡುತ್ತಾರೆ, ಮತ್ತೆ ಒತ್ತಿ ಬಿಡುತ್ತಾರೆ. ಹೋದ ನೀರು ಅಕ್ಕಚ್ಚಿನಂತೆ ಬೆಳ್ಳಗಾಗಿ ಸಿರಿಂಜಿಗೆ ಮರಳುತ್ತದೆ. ಬಂದ ಸುಣ್ಣ ಮತ್ತೆ ಒಳಹೋಗದೆ ತಳದಲ್ಲೇ ಕೂರಲಿ ಎಂದು ಸಿರಿಂಜಿನ ಹಿಂಬದಿಯನ್ನು ತಗ್ಗಿಸಿ ಹಿಡಿಯುತ್ತಾರೆ. ನೀರು ಬೆಚ್ಚಗಿದ್ದರೆ ಗಂಟು ಬೇಗ ಕರಗುತ್ತದೆ ಎಂದು ಇಟಲಿಯ ತಂಡವೊಂದು 2012ರಲ್ಲಿ ತೋರಿಸಿತು. ಗಟ್ಟಿ ಗಂಟಾದರೆ ಏನೂ ಬಾರದು. ಚುಚ್ಚಿ ಚೂರು ಮಾಡಿ ಬಿಡುತ್ತಾರೆ. ಕೊನೆಗೆ ಬರ್ಸಾಕ್ಕೆ ಸ್ಟಿರಾಯ್ಡ್. ಅರಿವಳಿಕೆ ಇಳಿದ ಆ ರಾತ್ರಿ ನೋವು ಮತ್ತೆ ಕೆರಳಬಹುದು. ಎರಡು ಮೂರು ತಿಂಗಳ ಮೇಲೆ ಮರುಕಳಿಸುವುದೂ ಉಂಟು. ಆದರೂ ತನ್ನ ನೋವಿನ ಮೂಲ ಸಿರಿಂಜಿನ ತಳದಲ್ಲಿ ಬಿಳಿ ಪುಡಿಯಾಗಿ ಕೂತದ್ದನ್ನು ಕಣ್ಣಾರೆ ಕಂಡವನಿಗೆ ಬೇರೆ ಪುರಾವೆ ಬೇಡ.

ಪುರಾವೆ ಹುಡುಕಿದವರಿಗೆ ಸಿಕ್ಕಿದ್ದು ಅಷ್ಟು ಸರಳವಲ್ಲ. ಇಟಲಿಯ ಸೆರಾಫಿನಿ ಮತ್ತು ಸಂಗಡಿಗರು 2009ರಲ್ಲಿ, ತೊಳೆಸಿಕೊಂಡವರನ್ನೂ ಬೇಡವೆಂದವರನ್ನೂ ಹೋಲಿಸಿದರು. ಮೊದಲ ವರ್ಷ ತೊಳೆಸಿಕೊಂಡವರೇ ಮುಂದಿದ್ದರು. 5 ಮತ್ತು 10 ವರ್ಷಗಳ ಹೊತ್ತಿಗೆ ಇಬ್ಬರೂ ಒಂದೇ.

2023ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ನಾರ್ವೆ, ಸ್ವೀಡನ್ನುಗಳ ಆಸ್ಪತ್ರೆಗಳಲ್ಲಿ ಮೂಸ್‌ಮೇಯರ್ ತಂಡ 220 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ತೊಳೆತ ಮತ್ತು ಸ್ಟಿರಾಯ್ಡ್, ಇನ್ನೊಂದಕ್ಕೆ ತೋರಿಕೆಯ ತೊಳೆತ ಮತ್ತು ಸ್ಟಿರಾಯ್ಡ್, ಮೂರನೆಯದಕ್ಕೆ ತೋರಿಕೆಯ ತೊಳೆತ ಮತ್ತು ಬರೀ ಅರಿವಳಿಕೆ. ತನ್ನದು ಯಾವ ಗುಂಪು ಎಂದು ರೋಗಿಗೆ ಗೊತ್ತಿರಲಿಲ್ಲ. ಅಳತೆಗೋಲು ಆಕ್ಸ್‌ಫರ್ಡ್ ಭುಜ ಮಾಪನ. ಬಟ್ಟೆ ಹಾಕಿಕೊಳ್ಳಲು, ತಲೆ ಬಾಚಲು, ಕಂಕುಳು ತೊಳೆದು ಒರೆಸಿಕೊಳ್ಳಲು ಆಗುತ್ತದೆಯೇ, ರಾತ್ರಿ ಮಂಚದಲ್ಲಿ ನೋಯುತ್ತದೆಯೇ ಎಂಬಂಥ 12 ಪ್ರಶ್ನೆಗಳು ಅದರಲ್ಲಿವೆ. ಚಾಕು-ಫೋರ್ಕ್ ಹಿಡಿಯಲಾಗುತ್ತದೆಯೇ ಎಂಬುದೂ ಒಂದು. ಕೈಯಲ್ಲಿ ಉಣ್ಣುವವರು ಅದಕ್ಕೆ ತಮ್ಮ ಉತ್ತರ ಹುಡುಕಿಕೊಳ್ಳಬೇಕು. ಮೊದಲ 6 ವಾರಗಳಲ್ಲಿ ಸ್ಟಿರಾಯ್ಡ್ ಪಡೆದವರಿಗೆ ಹೆಚ್ಚು ಸುಖವಿತ್ತು. 4 ತಿಂಗಳ ಹೊತ್ತಿಗೆ ಮೂರೂ ಗುಂಪಿನವರು ಸುಧಾರಿಸಿದ್ದರು, ಅವರ ನಡುವೆ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ.